ಉಷ್ಣದ ಗುಳ್ಳೆಗೆ ಬಿಸಿನೀರಿನ ಚೀಲ

ನನ್ನ ಹೊಲಿಗೆ ತರಗತಿಗೆ ಹಿಂದೆ ಬರುತ್ತಿದ್ದ ಹುಡುಗಿಯೊಬ್ಬಳು ಈಚೆಗೆ ಮನೆಗೆ ಬಂದಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ರವಿಕೆಗೆ ಅಳತೆ ಕೊಡಲು ಬಂದದ್ದು ಎಂದಳು. ನಾನು ಟೇಪು ಹಿಡಿದು ಭುಜ ಅಳೆಯುತ್ತಿದ್ದ ಹಾಗೆ ಅಳಲಿಕ್ಕೆ ಸುರು ಮಾಡಿದಳು.

"ಟೀಚರ್, ಹೇಳ್ಲಿಕ್ಕಾಗದ ಜಾಗದಲ್ಲಿ ಗುಳ್ಳೆ ಬಂದಿದೆ. ಡಾಕ್ಟ್ರು ಹೆಸರು ಹೇಳಿದ್ರು. ಮೊಬೈಲಿನಲ್ಲಿ ನೋಡಿದೆ. ನಾನು ಸತ್ತು ಹೋಗುದೇ ಒಳ್ಳೇದು."

ಟೇಪು ಸುತ್ತಿಟ್ಟು ಹೇಳಿದೆ. "ನಂಗೂ ಉಂಟು ಮಾರಾಯ್ತಿ. ನಿನ್ನ ವಯಸ್ಸಿಗಿಂತ ಹೆಚ್ಚು ವರ್ಷ ಆಯ್ತು ಬಂದು. ಸತ್ತಿದ್ದೇನಾ ನೋಡು."

ಅವಳ ಅಳು ಗಕ್ಕನೆ ನಿಂತಿತು. ಹೊಲಿಗೆ ಟೀಚರಿಗೆ ಇಂಥ ಕಾಯಿಲೆಯೂ ಇರಬಹುದೆಂದು ಪಾಪ ಅವಳು ಗ್ರಹಿಸಿಯೇ ಇರಲಿಲ್ಲ. ಕೂತು ಎಲ್ಲ ಹೇಳಿದೆ. ಹೋಗುವಾಗ ಅವಳ ಮುಖ ಸ್ವಲ್ಪ ತಿಳಿಯಾಗಿತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾಚಿಕೆ ಪಡುವ ವಯಸ್ಸು ನನ್ನದು ಕಳೆಯಿತು.

ಎಂಬತ್ತರ ದಶಕದ ಮಾತು. ನನ್ನ ತವರು ಕಬಕ. ಮನೆಯಲ್ಲಿ ತುಳು ಮಾತಾಡುವ ಗೌಡರು ನಾವು. ನನ್ನನ್ನು ಕೊಟ್ಟದ್ದು ಸಂಪಾಜೆಗೆ, ಅರೆಭಾಷೆ ಮಾತಾಡುವ ಗೌಡರ ಮನೆಗೆ. ಹೊಸದರಲ್ಲಿ ಅತ್ತೆ ಬೈದರೆ ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಅದೊಂದು ಸುಖವಿತ್ತು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನನ್ನ ಗಂಡ ಬೊಂಬಾಯಿಯ ಹೋಟೆಲುಗಳಲ್ಲಿ ಕೆಲವು ವರ್ಷ ದುಡಿದು ಊರಿಗೆ ಬಂದು, ಘಟ್ಟ ಹತ್ತುವ ರಸ್ತೆಯ ಬದಿಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಮಡಿಕೇರಿ ಕಡೆಗೆ ಹೋಗುವ ಲಾರಿಗಳು ಅಲ್ಲಿ ನಿಂತು, ಇಂಜಿನಿಗೆ ನೀರು ಕುಡಿಸಿ, ಡ್ರೈವರು ಚಾ ಕುಡಿದು ಮುಂದೆ ಹೋಗುತ್ತಿದ್ದವು. ಹೋಟೆಲಿನ ಹಿಂದೆಯೇ ನಮ್ಮ ವಾಸ. ಮಾವ ತೀರಿಹೋಗಿದ್ದರು. ಮನೆಯಲ್ಲಿ ಅತ್ತೆ, ಇವರು, ನಾನು.

ಮದುವೆಯಾದ ವರ್ಷವೇ ಬಸುರಿಯಾದೆ. ನಾಲ್ಕನೆಯ ತಿಂಗಳಿನಲ್ಲಿ ಒಂದು ದಿನ ಮೈ ಬಿಸಿಯಾಯಿತು, ತೊಡೆಯ ಸಂದಿಯಲ್ಲಿ ಗಡ್ಡೆ ಕಟ್ಟಿದ ಹಾಗೆ ನೋವು. ಮಾರನೆಯ ದಿನ ಗುಳ್ಳೆಗಳು. ಕುಳಿತರೆ ಉರಿ, ನಡೆದರೆ ಉರಿ. ಮೂತ್ರಕ್ಕೆ ಹೋದರೆ ಹಲ್ಲು ಕಚ್ಚಿ ಬಚ್ಚಲಿನ ಗೋಡೆ ಹಿಡಿದುಕೊಳ್ಳಬೇಕು. ಆ ಹೆದರಿಕೆಗೆ ನೀರು ಕುಡಿಯುವುದನ್ನೇ ಬಿಟ್ಟೆ. ಇವರು ಗಡ್ಡ ಬೋಳಿಸುವ ಕನ್ನಡಿಯನ್ನು ಬಚ್ಚಲಿಗೆ ಒಯ್ದು ಒಮ್ಮೆ ನೋಡಿದೆ. ನೋಡಿದ ಮೇಲೆ ಕನ್ನಡಿ ಕೈಜಾರಿ ಕೆಳಗೆ ಬಿತ್ತು. ಒಡೆಯಲಿಲ್ಲ, ಆದರೆ ಅದರಲ್ಲಿ ಇವರು ಪುನಃ ಮುಖ ನೋಡುತ್ತಾರಲ್ಲ ಎಂದು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಯಾವ ಕಾಯಿಲೆಯೋ, ಹೇಗೆ ಹರಡುತ್ತದೋ ಒಂದೂ ಗೊತ್ತಿರಲಿಲ್ಲ.

ನಮ್ಮ ಕಡೆ ಕಾಯಿಲೆಗಳಲ್ಲಿ ಎರಡೇ ಜಾತಿ, ಒಂದು ಉಷ್ಣ, ಇನ್ನೊಂದು ಶೀತ. ಗುಳ್ಳೆ, ಉರಿಮೂತ್ರ, ಕಣ್ಣುರಿ ಎಲ್ಲ ಉಷ್ಣದ ಲೆಕ್ಕಕ್ಕೆ. ಉಷ್ಣಕ್ಕೆ ತಂಪು ಮಾಡಬೇಕು, ಅದನ್ನು ಯಾರೂ ಕಲಿಸಿಕೊಡಬೇಕೆಂದಿಲ್ಲ. ನಾನೂ ಹಾಗೇ ಮಾಡಿದೆ. ಲಾವಂಚ ಹಾಕಿದ ನೀರು, ಮಜ್ಜಿಗೆ, ತಲೆಗೆ ಎಣ್ಣೆ. ದಿನಕ್ಕೆ ಎಷ್ಟೋ ಸಲ ಬಚ್ಚಲಿಗೆ ಹೋಗಿ ತಣ್ಣೀರು ಹೊಯ್ದುಕೊಂಡು, ಒದ್ದೆ ಬಟ್ಟೆ ಇಟ್ಟುಕೊಂಡು ಬರುವುದು. ಒದ್ದೆ ಮಾಡಿದಷ್ಟೂ ಗುಳ್ಳೆಗಳು ಒಡೆದು ಹುಣ್ಣಾದವು. ಹುಣ್ಣಾದಷ್ಟೂ ನಾನು ತಣ್ಣೀರು ಹೊಯ್ದೆ.

ಸೊಸೆ ಕಾಲು ಅಗಲಿಸಿ ನಡೆಯುವುದು ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಎಂತ ಆಗಿದೆ ನಿಂಗೆ?"

"ನೀರುಗುಳ್ಳೆ ಅತ್ತೆ."

"ಎಲ್ಲಿ?"

ನಿಜ ಹೇಳಲು ನಾಲಿಗೆ ಏಳಲಿಲ್ಲ. "ಸೊಂಟದಲ್ಲಿ," ಎಂದೆ.

ಸೊಂಟದಲ್ಲಿ ನೀರುಗುಳ್ಳೆ ಎಂದರೆ ನಮ್ಮವರಿಗೆ ಒಂದೇ ಅರ್ಥ, ಸರ್ಪಸುತ್ತು. ನಾಗನ ಮುನಿಸು. ಗುಳ್ಳೆಯ ಸಾಲು ಸೊಂಟ ಸುತ್ತಿ ತಲೆಗೆ ಬಾಲ ಕೂಡಿದರೆ ಜೀವಕ್ಕೇ ಅಪಾಯವೆಂದು ನಂಬಿಕೆ. ಅತ್ತೆಯ ಮುಖ ಬಿಳಿಚಿಕೊಂಡಿತು. ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಸುಳ್ಯಕ್ಕೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ಕಡಬದ ಕಡೆಗೆ ಹೊರಟರು. ಅಲ್ಲಿ ಸರ್ಪಸುತ್ತಿಗೆ ಮದ್ದು ಕೊಡುವ ಪಂಡಿತರೊಬ್ಬರಿದ್ದರು. ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ಎದುರಿನ ಸೀಟಿನ ಕಂಬಿ ಹಿಡಿದು ಮೈಯನ್ನು ಮೇಲೆತ್ತುತ್ತಿದ್ದೆ. ಪಕ್ಕದಲ್ಲಿ ಕೂತ ಅತ್ತೆ ಕಣ್ಣುಮುಚ್ಚಿ ಸುಬ್ರಹ್ಮಣ್ಯನನ್ನು ನೆನೆಯುತ್ತಿದ್ದರು. ನಾನು ನೆನೆಯುತ್ತಿದ್ದದ್ದು ಒಂದನ್ನೇ. ಸೊಂಟ ತೋರಿಸು ಎಂದರೆ ಎಂತ ತೋರಿಸುವುದು?

ಪಂಡಿತರು ವಯಸ್ಸಾದವರು, ಮೆತ್ತಗಿನ ಮಾತು. ಕೆಂಪು ಕಾವಿಮಣ್ಣನ್ನು ಕಲ್ಲಿನ ಮೇಲೆ ತೇಯ್ದು ತಯಾರಾಗಿ ಕೂತರು. ಅತ್ತೆ ನನ್ನ ಸೆರಗು ಸರಿಸಿದರು. ಸೊಂಟದಲ್ಲಿ ಸೀರೆಯ ಗಂಟಿನ ಗೀರು, ಒಂದಿಷ್ಟು ಬೆವರುಸಾಲೆ, ಬೇರೇನೂ ಇಲ್ಲ. ಪಂಡಿತರು ಬಗ್ಗಿ ನೋಡಿದರು. ಕನ್ನಡಕ ಒರೆಸಿ ಪುನಃ ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡೆ.

"ಒಳಗೆ ಹೋಗಿದೆ," ಎಂದರು ಅವರು.

ಅತ್ತೆ, "ಅಯ್ಯೋ ದೇವರೇ! ಮಗುವಿನ ಹತ್ರ?" ಎಂದು ಅವರ ಕಾಲಿನ ಹತ್ತಿರವೇ ಕುಸಿದರು.

ಏನೂ ಇಲ್ಲದ ಸೊಂಟದ ಸುತ್ತ ಪಂಡಿತರು ಮಂತ್ರ ಹೇಳುತ್ತಾ ಕೆಂಪು ಗೆರೆ ಎಳೆದರು. ಆಮೇಲೆ ಪಥ್ಯ ಹೇಳಿದರು. ಎಳನೀರು, ಗಂಜಿ. ಉಪ್ಪು ಹುಳಿ ಕಡಿಮೆ. ಒಲೆಯ ಹತ್ತಿರ ಹೋಗಬಾರದು, ಬಿಸಿನೀರು ಮೈಗೆ ತಾಗಬಾರದು. "ಬಿಸಿ ತಾಗಿದ್ರೆ ಅದು ಕೆರಳ್ತದೆ. ಆಮೇಲೆ ಹೊಟ್ಟೆಯಲ್ಲಿರುದನ್ನು ಉಳಿಸ್ಲಿಕ್ಕೆ ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ," ಎಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ ಜಾಗಕ್ಕೆ ಮದ್ದು ಮಾಡಿದರು. ಆದರೆ ಆ ಒಂದು ಮಾತು ನನ್ನೊಳಗೆ ಹೊಕ್ಕು ಕುಳಿತಿತು. ಸೊಂಟದಲ್ಲಿ ಏನೂ ಇಲ್ಲ ಎಂದು ನನಗೆ ಗೊತ್ತಿತ್ತು, ಸುಳ್ಳು ಹೇಳಿದ್ದೇ ನಾನು. ಆದರೂ ವಾಪಸು ಬರುವ ಬಸ್ಸಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗೆ ಹೋಗಿದೆಯಾ, ಒಳಗೆ ಹೋಗಿದೆಯಾ ಎಂದು ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಕಡೆಗೆ ಇವರಿಗೆ ಹೇಳಿದೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಹೊತ್ತು, ಇವರು ಒಳಗೆ ಬಂದು ಅಂಗಿ ಬಿಚ್ಚುತ್ತಿದ್ದರು. ಗುಳ್ಳೆ ನಿಜವಾಗಿ ಎಲ್ಲಿ ಎಂದು ಹೇಳಿದಾಗ ಇವರ ಕೈ ಗುಂಡಿಯ ಮೇಲೆಯೇ ನಿಂತಿತು. ಏನು, ಹೇಗೆ ಎಂದು ಒಂದು ಪ್ರಶ್ನೆ ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ನನಗೆ ಗೊತ್ತಾಯಿತು.

"ನಿಮಗೆ ಗೊತ್ತುಂಟು ಇದು ಎಂತ ಅಂತ," ಎಂದೆ.

"ಬೊಂಬಾಯಿಯಲ್ಲಿ ಒಮ್ಮೆ ಬಂದಿತ್ತು," ಎಂದರು. ನೆಲ ನೋಡುತ್ತಿದ್ದರು. "ಒಣಗಿ ಹೋಗಿತ್ತು. ಹೋಯ್ತು ಅಂತ ಗ್ರಹಿಸಿದೆ."

ಆಗ ನನಗೆ ಬಂದ ಸಿಟ್ಟು ಸಣ್ಣದಲ್ಲ. ಇವರ ಮುಖಕ್ಕೆ ಉಗುಳಬೇಕು ಅನ್ನಿಸಿತು. ಕಬಕಕ್ಕೆ ಹೊರಟು ಹೋಗಬೇಕು ಅನ್ನಿಸಿತು. ಹೋಗಿ ಎಂತ ಹೇಳುವುದು? ಬಸುರಿ ಹುಡುಗಿ ತವರಿಗೆ ಬಂದು ಇಂಥ ಜಾಗದಲ್ಲಿ ಹುಣ್ಣು ಎಂದರೆ, ಊರಿನ ಬಾಯಿ ಗಂಡನ ಹೆಸರು ಹೇಳುವುದಿಲ್ಲ. ಅವಳದ್ದೇ ಹೇಳುತ್ತದೆ. ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು, ಹೆದರಿಕೆ ಸಿಟ್ಟನ್ನು ನುಂಗಿಯೇ ಬಿಟ್ಟಿತು. "ಮಗುವಿಗೆ ಎಂತಾದ್ರೂ ಆದ್ರೆ?" ಎಂದು ಕೇಳಿದೆ. "ಪುತ್ತೂರಿಗೆ ಹೋಗುವ," ಎಂದರು ಇವರು.

ತವರಿಗೆ ಹೋಗಿ ಬರುತ್ತೇವೆಂದು ಅತ್ತೆಗೆ ಹೇಳಿ ಪುತ್ತೂರಿಗೆ ಹೋದೆವು. ದರ್ಬೆಯ ಕಡೆ ಒಬ್ಬರು ಲೇಡಿ ಡಾಕ್ಟ್ರ ಸಣ್ಣ ಆಸ್ಪತ್ರೆ ಇತ್ತು. ಹೊರಗೆ ಉದ್ದದ ಮರದ ಬೆಂಚು. ಆ ಬೆಂಚಿನ ಮೇಲೆ ಕೂತ ಹೊತ್ತನ್ನು ನಾನು ಇವತ್ತಿಗೂ ಮರೆತಿಲ್ಲ. ಒಂದು ತೊಡೆಯ ಮೇಲೆ ಭಾರ ಹಾಕಿ, ಆಮೇಲೆ ಇನ್ನೊಂದರ ಮೇಲೆ ಹಾಕಿ ಕೂತೆ. ನಾನು ಕೂತ ಜಾಗದಲ್ಲಿ ಆಮೇಲೆ ಯಾರಾದರೂ ಕೂತರೆ ಅವರಿಗೂ ಬರುತ್ತದಾ ಎಂದು ಹೆದರಿ, ಸೀರೆಯನ್ನು ಅಡಿಗೆ ಮಡಚಿಕೊಂಡೆ. ಪಕ್ಕದಲ್ಲಿ ದೊಡ್ಡ ಹೊಟ್ಟೆಯ ಹೆಂಗಸೊಬ್ಬಳು ಕಡಲೆ ತಿನ್ನುತ್ತಿದ್ದಳು.

"ಎಷ್ಟು ತಿಂಗಳು?"

"ಐದಕ್ಕೆ ಬಿದ್ದಿದೆ."

"ತೊಂದರೆ ಎಂತದ್ದಾದ್ರೂ ಉಂಟಾ?"

"ಇಲ್ಲ. ಸುಮ್ಮನೆ ತೋರಿಸ್ಲಿಕ್ಕೆ."

ಅವಳು ನನ್ನ ಕೈಗೂ ನಾಲ್ಕು ಕಡಲೆ ಹಾಕಿದಳು. ಕಡಲೆ ಅಂಗೈಯ ಬೆವರಿಗೆ ಒದ್ದೆಯಾಯಿತು. ಇವರು ರಸ್ತೆಯ ಆಚೆ ಬದಿಯಲ್ಲಿ ನಿಂತು ಬಸ್ಸುಗಳ ಬೋರ್ಡು ಓದುತ್ತಿದ್ದರು, ಯಾವುದೋ ಬಸ್ಸಿಗೆ ಕಾಯುವವರ ಹಾಗೆ.

ಡಾಕ್ಟ್ರಮ್ಮ ಪರೀಕ್ಷೆ ಮಾಡಿದರು. ಕೈ ತೊಳೆದು ಬಂದು, ನನ್ನ ಎದುರು ಸ್ಟೂಲು ಎಳೆದು ಕೂತರು. "ಹರ್ಪಿಸ್ ಅಂತ ಇದರ ಹೆಸರು," ಎಂದರು. "ನೀನು ಎಂತ ತಪ್ಪೂ ಮಾಡಿದ್ದಲ್ಲ. ಮೊದಲು ಅದನ್ನು ತಲೆಯಿಂದ ತೆಗಿ." ಅಷ್ಟು ಹೇಳಿದ್ದಕ್ಕೇ ನಾನು ಗೋಳೋ ಎಂದು ಅತ್ತುಬಿಟ್ಟೆ. ಅವರು ತಡೆಯಲಿಲ್ಲ. ಹೊರಗಿನವರಿಗೆ ಕೇಳದಿರಲಿ ಎಂದು ಎದ್ದು ಹೋಗಿ ನಲ್ಲಿ ಬಿಟ್ಟರು. ಆ ನಲ್ಲಿಯ ಸದ್ದಿಗೆ ನಾನು ಇಂದಿಗೂ ಋಣಿ.

ಮಗುವಿನ ವಿಷಯ ಕೇಳಿದೆ. ಅವರು ಮುಚ್ಚಿಡಲಿಲ್ಲ. "ಈಗ ಹೊಟ್ಟೆಯಲ್ಲಿ ಹೆಚ್ಚಾಗಿ ತೊಂದರೆ ಆಗುದಿಲ್ಲ. ಆದ್ರೆ ಹೆರಿಗೆಯ ಹೊತ್ತಿಗೆ ಹುಣ್ಣು ಇದ್ರೆ, ಹುಟ್ಟುವಾಗ ಮಗುವಿಗೆ ತಾಗ್ಬಹುದು. ತಾಗಿದ್ರೆ ಮಗು ಉಳಿಯುದು ಕಷ್ಟ. ಹಾಗಾಗಿ ಹೆರಿಗೆ ಮನೆಯಲ್ಲಿ ಬೇಡ, ಇಲ್ಲಿಗೇ ಬರ್ಬೇಕು. ಹುಣ್ಣು ಇದ್ರೆ ಆಪರೇಶನ್ ಮಾಡಿ ತೆಗೀಬೇಕಾಗ್ತದೆ, ಇಲ್ಲದಿದ್ರೆ ಬೇಡ."

"ಇದಕ್ಕೆ ಮದ್ದು?"

"ಪೂರ್ತಿ ಹೋಗುವ ಮದ್ದು ಇಲ್ಲ. ಹೊರದೇಶದಲ್ಲಿ ಎಂತದೋ ಹೊಸದು ಬಂದಿದೆಯಂತೆ, ನಮ್ಮ ಕೈಗೆ ಇನ್ನೂ ಸಿಕ್ಕಿಲ್ಲ. ಒದ್ದೆ ಮಾಡ್ಬೇಡ, ಒಣಗಿಸಿ ಇಡು. ಮತ್ತೆ ಬಿಸಿ ಕೊಡುವ. ನಾನು ಕಲಿಯುವಾಗ ನಮ್ಮ ಪ್ರೊಫೆಸರ್ ಒಬ್ರು ಹಾಗೆ ಮಾಡ್ತಿದ್ರು. ಕೆಲವರಿಗೆ ಬೇಗ ಒಣಗ್ತದೆ. ಎಲ್ಲರಿಗೂ ಒಣಗ್ತದೆ ಅಂತ ನಾನು ಹೇಳುದಿಲ್ಲ."

ಬಿಸಿ! ಉಷ್ಣದ ಗುಳ್ಳೆಗೆ ಬಿಸಿ! ಡಾಕ್ಟ್ರಮ್ಮ ಯಾವ ಕಡೆಯವರೋ, ಅವರಿಗೆ ಉಷ್ಣ ಶೀತ ಗೊತ್ತಿಲ್ಲವೋ ಎಂದು ಒಂದು ಗಳಿಗೆ ಅನ್ನಿಸಿತು. ಪಂಡಿತರ ಮಾತು ಕಿವಿಯಲ್ಲೇ ಇತ್ತು. ಡಾಕ್ಟ್ರಮ್ಮ ನನ್ನನ್ನು ಮಲಗಿಸಿ, ಹೊಟ್ಟೆಯ ಮೇಲೆ ದಪ್ಪ ಬಟ್ಟೆ ಹೊದೆಸಿ, ಕೆಂಪು ಬಲ್ಬಿನ ಒಂದು ದೀಪ ತಂದು ಕಾಲಿನ ಕಡೆ ನಿಲ್ಲಿಸಿದರು. ದೀಪ ಹೊತ್ತಿದಾಗ ಗೋಡೆಯೆಲ್ಲ ಕೆಂಪಾಯಿತು. ಮಗುವನ್ನು ನಾನೇ ಬೆಂಕಿಗೆ ಒಡ್ಡುತ್ತಿದ್ದೇನೆ ಅನ್ನಿಸಿ ಎದ್ದು ಓಡಬೇಕೆಂದುಕೊಂಡೆ. ಅವರು ತಮ್ಮ ಅಂಗೈಯನ್ನು ದೀಪಕ್ಕೂ ನನಗೂ ಮಧ್ಯೆ ಹಿಡಿದು, "ನನ್ನ ಕೈಗೆ ಜಾಸ್ತಿ ಆದ್ರೆ ಆರಿಸ್ತೇನೆ. ಹೆದರ್ಬೇಡ," ಎಂದರು. ಸ್ವಲ್ಪ ಹೊತ್ತಿನಲ್ಲಿ ಕಡಿತ ಕಡಿಮೆಯಾದ ಹಾಗೆ ಅನ್ನಿಸಿತು. ಎಷ್ಟೋ ದಿನಗಳಿಂದ ಬಿಗಿಹಿಡಿದಿದ್ದ ಕಾಲುಗಳನ್ನು ಆಗ ಸಡಿಲ ಬಿಟ್ಟೆ.

ದಿನಾ ಪುತ್ತೂರಿಗೆ ಬರುವ ಹಾಗಿರಲಿಲ್ಲ. ಮನೆಯಲ್ಲಿ ಮಾಡಲು ರಬ್ಬರಿನ ಬಿಸಿನೀರಿನ ಚೀಲ ತೆಗೆದುಕೊಳ್ಳಲು ಹೇಳಿದರು. ಚೀಲಕ್ಕೆ ಒಣಬಟ್ಟೆ ಸುತ್ತಬೇಕು, ಹೊಟ್ಟೆಗೆ ತಾಗಿಸಬಾರದು. "ಮೊಣಕೈ ತಾಗಿಸಿ ನೋಡು. ಸಣ್ಣ ಮಗುವಿನ ಸ್ನಾನದ ನೀರು ನೋಡ್ತಾರಲ್ಲ, ಹಾಗೆ. ಮೊಣಕೈಗೆ ಹಿತ ಆದ್ರೆ ಮಾತ್ರ. ಸುಟ್ಟುಕೊಂಡ್ರೆ ಎರಡು ಕಾಯಿಲೆ ಆಗ್ತದೆ," ಎಂದರು. ಮೊಣಕೈ ತಾಗಿಸುವುದು ನಮ್ಮ ಅಜ್ಜಿಯರ ಕ್ರಮ, ಅದು ಕೇಳಿದ ಮೇಲೆ ಡಾಕ್ಟ್ರಮ್ಮನ ಮೇಲೆ ಸ್ವಲ್ಪ ನಂಬಿಕೆ ಬಂತು. ಹುಣ್ಣು ಇರುವಷ್ಟು ದಿನ ಗಂಡ ಹೆಂಡತಿ ದೂರ ಇರಬೇಕೆಂದೂ ಹೇಳಿದರು. ಅದನ್ನು ಅವರು ಹೇಳಬೇಕಾಗಿರಲಿಲ್ಲ.

ನಮ್ಮ ಹೋಟೆಲಿನಲ್ಲಿ ಚಾದ ಬಾಯ್ಲರು ಬೆಳಿಗ್ಗೆಯಿಂದ ಸಂಜೆಯವರೆಗೆ ಉರಿಯುತ್ತಿತ್ತು. ಬಿಸಿನೀರಿಗೆ ಬರವಿಲ್ಲ. ಆದರೆ ಪಥ್ಯದ ಕಾವಲು ಅತ್ತೆಯದ್ದು. ನಾನು ಒಲೆಯ ಬಳಿ ಹೋದರೆ ಕೂಗಿ ಈಚೆ ಕರೆಯುತ್ತಿದ್ದರು. ಸ್ನಾನಕ್ಕೆ ತಣ್ಣೀರು ಅವರೇ ಸೇದಿ ಇಡುತ್ತಿದ್ದರು, ಪಾಪ, ಮೊಮ್ಮಗುವಿನ ಆಸೆಯಿಂದ. ಹಾಗಾಗಿ ಇವರು ಮಧ್ಯಾಹ್ನದ ನಂತರ ಚೀಲಕ್ಕೆ ನೀರು ತುಂಬಿಸಿ, ಇಡ್ಲಿ ಬಟ್ಟೆ ಸುತ್ತಿ, ಬುಟ್ಟಿಯಲ್ಲಿಟ್ಟು ಒಳಗೆ ತರುತ್ತಿದ್ದರು. ಬಾಗಿಲಿನ ಹತ್ತಿರ ನಿಂತು ಮೊಣಕೈ ತಾಗಿಸಿ ನೋಡಿ ಕೊಡುತ್ತಿದ್ದರು. ನಾನು ತೆಗೆದುಕೊಂಡು ಬಾಗಿಲು ಹಾಕುತ್ತಿದ್ದೆ. ಆ ದಿನಗಳಲ್ಲಿ ನಮ್ಮಿಬ್ಬರ ನಡುವೆ ಇದ್ದ ಸಂಸಾರ ಅಷ್ಟೇ. ಒಂದು ಚೀಲ ಕೊಡುವುದು, ತೆಗೆದುಕೊಳ್ಳುವುದು.

ಹುಣ್ಣು ಒಣಗಿತು. ಬಿಸಿಯಿಂದ ಒಣಗಿತೋ, ತಣ್ಣೀರು ಬಿಟ್ಟದ್ದರಿಂದ ಒಣಗಿತೋ, ಅದರ ದಿನ ಮುಗಿದು ಒಣಗಿತೋ, ನನಗೆ ಗೊತ್ತಿಲ್ಲ. ಡಾಕ್ಟ್ರಮ್ಮನನ್ನು ಕೇಳಿದರೆ ಅವರೂ ಗೊತ್ತಿಲ್ಲ ಎಂದೇ ಹೇಳಿದರು. ಉರಿ ತಡೆಯುವಷ್ಟಾಗಿತ್ತು, ಅದು ಮಾತ್ರ ನಿಜ. ಆದರೆ ಆರನೆಯ ತಿಂಗಳಿನಲ್ಲಿ ಪುನಃ ಬಂತು. ಹಾಗೆ ಬರುತ್ತಾ ಹೋಗುತ್ತಾ ಇರುವುದೇ ಇದರ ಜಾತಕ ಎಂದು ಅವರು ಹೇಳಿದ್ದರೂ, ಮೊದಲ ಗುಳ್ಳೆ ಕೈಗೆ ತಾಗಿದಾಗ ಬೆರಳು ಮಡಚಿ ತಿಂಗಳು ಎಣಿಸಿದೆ. ಹೆರಿಗೆಯ ದಿನವೇ ಬಂದರೆ? ಎಲ್ಲಿ ಕೂತರೂ ಎದ್ದರೂ ಅದೇ ಲೆಕ್ಕ. ನನ್ನ ಟವೆಲು ಬೇರೆ ಇಟ್ಟೆ. ಬಟ್ಟೆ ಒಣಗಿಸಲು ಬೇರೆ ಹಗ್ಗ ಕಟ್ಟಿದೆ. ಕೈ ತೊಳೆದು ತೊಳೆದು ಚರ್ಮ ಬಿರುಕು ಬಿಟ್ಟಿತು.

ಮಗ ದಿನಾ ಬುಟ್ಟಿ ಹಿಡಿದು ಒಳಗೆ ಹೋಗುವುದನ್ನು ಅತ್ತೆ ನೋಡಿದ್ದರು. ಬಸುರಿ ಹೆಂಡತಿಗೆ ಕದ್ದು ಗೋಳಿಬಜೆ ಕೊಡುತ್ತಾನೆಂದು ತಿಳಿದು, "ಬಾಯಿರುಚಿ ಅಂತ ಹಾಳುಮೂಳು ತಿಂದ್ರೆ ಪಥ್ಯ ಎಲ್ಲಿ ಉಳೀತದೆ?" ಎಂದು ಒಂದು ದಿನ ಬಾಗಿಲು ದೂಡಿಕೊಂಡು ಒಳಗೆ ಬಂದೇ ಬಿಟ್ಟರು. ನಾನು ಚಾಪೆಯಲ್ಲಿ ಒರಗಿದ್ದೆ. ಬಟ್ಟೆಯ ಗಂಟು ಎಂದು ಎಳೆದವರ ಕೈಗೆ ಬಿಸಿ ಚೀಲ ಸಿಕ್ಕಿತು.

ಅವರ ಮುಖದಲ್ಲಿ ಸಿಟ್ಟು ಬರುವ ಮೊದಲು ಬಂದದ್ದು ಹೆದರಿಕೆ. ನನ್ನಷ್ಟೇ ಹೆದರಿದ ಇನ್ನೊಂದು ಮುಖವನ್ನು ಆ ಮನೆಯಲ್ಲಿ ಮೊದಲ ಸಲ ನೋಡಿದೆ.

"ಬಸುರು ಇಳಿಸ್ಲಿಕ್ಕೆ ನೋಡ್ತಾ ಇದ್ದೀಯಾ?" ಎಂದರು. "ನಮ್ಮ ಮನೆಯ ಮಗುವನ್ನು ಕೊಲ್ತಾ ಇದ್ದೀಯಾ?"

ಗಲಾಟೆ ಕೇಳಿ ಇವರು ಓಡಿ ಬಂದು ಬಾಗಿಲಿನಲ್ಲಿ ನಿಂತರು, ಕೈಯಲ್ಲಿ ಚಾ ಸೋಸುವ ಜಾಲರಿ ಹಾಗೇ ಇತ್ತು. ನಾನು ಇವರ ಮುಖ ನೋಡಿದೆ. ಒಂದು ಮಾತು ಹೇಳಿದರೆ ಸಾಕಿತ್ತು.

"ಅವಳಿಗೆ ಸೊಂಟನೋವು ಅಮ್ಮ," ಎಂದರು.

ಆ ಗಳಿಗೆಯಲ್ಲಿ ನನ್ನ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಎದ್ದು ಕೂತು ಹೇಳಿದೆ. "ಅತ್ತೆ, ಇದು ಪುತ್ತೂರಿನ ಡಾಕ್ಟ್ರು ಹೇಳಿದ ಮದ್ದು. ಮಗು ಉಳೀಲಿ ಅಂತ ಮಾಡುದು. ನಂಬಿಕೆ ಇಲ್ಲದಿದ್ರೆ ನೀವೇ ಬಂದು ಕೇಳಿ. ನಾಳೆಯೇ ಹೋಗುವ."

ಹೇಳಿದ ಮೇಲೆ ಹೆದರಿಕೆ ವಾಪಸು ಬಂತು. ಅತ್ತೆ ಚೀಲದ ನೀರು ಚೆಲ್ಲಿ, ಅದನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ಮಾರನೆಯ ದಿನ ಮೂವರೂ ಅದೇ ಬೆಂಚಿನ ಮೇಲೆ ಕೂತಿದ್ದೆವು. ಈ ಸಲ ಇವರು ರಸ್ತೆಯ ಆಚೆ ಹೋಗಲಿಲ್ಲ. ಅತ್ತೆ ಮಧ್ಯದಲ್ಲಿ, ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ಗುಡ್ಡದ ಹಾಗೆ ಕೂತಿದ್ದರು. ಡಾಕ್ಟ್ರಮ್ಮ ಮೊದಲು ನನ್ನೊಬ್ಬಳನ್ನೇ ಒಳಗೆ ಕರೆದು ಕೇಳಿದರು. "ನಿನ್ನ ಅತ್ತೆಗೆ ಎಷ್ಟು ಹೇಳುದು?"

ಯೋಚಿಸಲು ಹೊತ್ತಿರಲಿಲ್ಲ. ಹೇಳಿದರೆ ನನ್ನನ್ನು ಮನೆಯಿಂದ ಹೊರಗೆ ಹಾಕಬಹುದು. ಹೇಳದಿದ್ದರೆ ಚೀಲವೂ ಇಲ್ಲ, ಆಸ್ಪತ್ರೆಯ ಹೆರಿಗೆಯೂ ಇಲ್ಲ, ಪಂಡಿತರ ಕೆಂಪು ಗೆರೆ ಮಾತ್ರ. "ಎಲ್ಲ ಹೇಳಿ," ಎಂದೆ. "ಮಗು ಉಳೀಬೇಕು."

ಅತ್ತೆ ಒಳಗೆ ಹೋದರು. ಬಾಗಿಲು ಮುಚ್ಚಿತು. ಇವರು ನನ್ನ ಪಕ್ಕದಲ್ಲಿ ಬೆಂಚಿನ ಅಂಚು ಹಿಡಿದು ಕೂತಿದ್ದರು. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ನಾನು ಇವರ ಕಡೆ ತಿರುಗಲಿಲ್ಲ. ಒಳಗಿನಿಂದ ಅತ್ತೆಯ ಸ್ವರ ಜೋರಾಗಿ ಕೇಳಿತು, "ನಮ್ಮ ಮನೆಗೆ ಇದು ಬಂದದ್ದು ಹೇಗೆ? ಅವಳಿಂದಲಾ?"

ಇವರು ಎದ್ದರು. ಹೊರಗೆ ಹೋಗುತ್ತಾರೆಂದುಕೊಂಡೆ. ಕರೆಯದೆ, ಬಾಗಿಲು ಬಡಿಯದೆ, ನೇರ ಒಳಗೆ ಹೋದರು.

ಒಳಗೆ ಏನು ಮಾತಾಯಿತೆಂದು ಇವರು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೊರಗೆ ಬಂದ ಅತ್ತೆ ಯಾರ ಮುಖವನ್ನೂ ನೋಡಲಿಲ್ಲ. ಬಸ್ಸಿನಲ್ಲಿ ಮಗನ ಹತ್ತಿರ ಕೂರದೆ ನನ್ನ ಹತ್ತಿರ ಬಂದು ಕೂತರು. ಸುಳ್ಯದಲ್ಲಿ ಬಸ್ಸು ನಿಂತಾಗ, "ಎಳನೀರು ಕುಡೀತೀಯಾ?" ಎಂದರು, ಅಷ್ಟೇ. ಚೀಲವನ್ನು ಮಾತ್ರ ವಾಪಸು ಕೊಡಲಿಲ್ಲ. ನಾನು ಕೇಳುವ ಧೈರ್ಯ ಮಾಡಲಿಲ್ಲ. ನನ್ನನ್ನು ನಂಬಿದರೋ, ಹೆರಿಗೆಯಾಗಲಿ ಆಮೇಲೆ ನೋಡಿಕೊಳ್ಳುವ ಎಂದು ಸುಮ್ಮನಿದ್ದರೋ ಗೊತ್ತಾಗದೆ ದಿನ ದೂಡಿದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕ್ರಮ. ಕಬಕಕ್ಕೆ ಬಂದೆ. ಡಾಕ್ಟ್ರು ಆಸ್ಪತ್ರೆಗೇ ಬರಬೇಕೆಂದಿದ್ದಾರೆ ಎಂದು ಮಾತ್ರ ಅಮ್ಮನಿಗೆ ಹೇಳಿದೆ. ನೋವು ಸುರುವಾದ ದಿನ ಬಾಡಿಗೆ ಕಾರಿನಲ್ಲಿ ಪುತ್ತೂರಿಗೆ ಹೋಗುವಾಗ ಅಮ್ಮ ಬೆನ್ನು ನೀವುತ್ತಿದ್ದರು. ನಾನು ಹೆರಿಗೆ ನೋವಿಗೆ ಹೆದರಲಿಲ್ಲ. ನೋವಿನ ನಡುವೆ ಎಲ್ಲಾದರೂ ಆ ಹಳೆಯ ಉರಿ ಉಂಟಾ ಎಂದು ಹುಡುಕುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ಟಾರ್ಚು ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಛಾವಣಿಯ ಫ್ಯಾನು ನೋಡುತ್ತಾ ಮಲಗಿದ್ದೆ.

"ಏನೂ ಇಲ್ಲ," ಎಂದರು ಟಾರ್ಚು ಆರಿಸಿ. "ಚೊಕ್ಕ ಉಂಟು. ಇನ್ನು ನಿನ್ನ ಕೆಲಸ ನೀನು ಮಾಡು."

ಹೆಣ್ಣುಮಗು. ಅವಳ ಮೈಯ ಇಂಚಿಂಚು ನೋಡಿದೆ, ಗುಳ್ಳೆ ಇರಲಿಲ್ಲ.

ಈಗ ಆ ಮಗುವಿಗೇ ಕಾಲೇಜು ಕಲಿಯುವ ಮಕ್ಕಳಿದ್ದಾರೆ. ನನಗೆ ಆಗಾಗ ಬರುತ್ತಿತ್ತು, ಬರಬರುತ್ತಾ ಕಡಿಮೆಯಾಯಿತು. ಈಗ ಒಳ್ಳೆಯ ಮಾತ್ರೆ ಸಿಗುತ್ತದೆ, ಡಾಕ್ಟ್ರಿಗೆ ತೋರಿಸಿದರೆ ಕೊಡುತ್ತಾರೆ. ಇದನ್ನು ಓದಿ ಯಾರೂ ಬಿಸಿನೀರಿನ ಚೀಲ ಹುಡುಕಿಕೊಂಡು ಹೋಗಬೇಡಿ, ಮೈ ಸುಟ್ಟುಕೊಳ್ಳಬೇಡಿ. ನಮ್ಮ ಕಾಲಕ್ಕೆ ಇದ್ದದ್ದು ಅದು, ಅದನ್ನು ಮಾಡಿದೆವು. ಇವರನ್ನು ಕ್ಷಮಿಸಿದೆಯಾ ಎಂದು ಆ ಹುಡುಗಿ ಕೇಳಿದಳು. ಕೆಲವು ದಿನ ಕ್ಷಮಿಸುತ್ತೇನೆ, ಕೆಲವು ದಿನ ಇಲ್ಲ ಎಂದೆ. ಇವರು ತೀರಿಹೋದ ಮೇಲೂ ಹಾಗೇ ಉಂಟು.

ಒಂದು ಹೇಳಲು ಬಾಕಿ ಉಂಟು. ಹೆರಿಗೆಯ ನಂತರದ ಸ್ನಾನದ್ದು.

ನಮ್ಮಲ್ಲಿ ಬಾಣಂತಿಯನ್ನು ಮೀಯಿಸಲು ಒಬ್ಬ ಹೆಂಗಸು ದಿನಾ ಬರುತ್ತಾಳೆ. ಮಣೆಯ ಮೇಲೆ ಕೂರಿಸಿ, ಮೈಗೆಲ್ಲ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರನ್ನು ಹೊಯ್ಯುತ್ತಾಳೆ. ಅವಳ ಎದುರು ಮೈಮೇಲೆ ಒಂದು ನೂಲೂ ಇರುವುದಿಲ್ಲ, ಅವಳ ಕಣ್ಣಿಗೆ ಬೀಳದ ಜಾಗವೂ ಇಲ್ಲ. ಮೊದಲಿನ ದಿನಗಳಲ್ಲಿ ತೊಂದರೆಯಾಗಲಿಲ್ಲ. ಆಮೇಲೆ ಗುಳ್ಳೆ ಪುನಃ ಎದ್ದಿತು. ಆ ಹೆಂಗಸು ನಮ್ಮ ಮನೆಯ ಸ್ನಾನ ಮುಗಿಸಿ ಇನ್ನೊಂದು ಮನೆಗೆ ಹೋಗುವವಳು. ಅವಳು ನೋಡಿದರೆ ಮಧ್ಯಾಹ್ನದೊಳಗೆ ಕಬಕಕ್ಕೆ, ಸಂಜೆಯೊಳಗೆ ಪುತ್ತೂರಿಗೆ ಸುದ್ದಿ. ತಲೆಸಿಡಿತ ಎಂದು ಆ ದಿನದ ಸ್ನಾನ ತಪ್ಪಿಸಿದೆ. ಮಗುವನ್ನು ಮುಟ್ಟಲೂ ಹೆದರಿ, ಕೈ ತೊಳೆದು ತೊಳೆದು ಹಾಲು ಕೊಡುತ್ತಿದ್ದೆ. ಅವತ್ತೇ ಮಗುವನ್ನು ನೋಡಲು ಬಂದಿದ್ದ ಇವರಿಗೆ, "ಪುನಃ ಬಂದಿದೆ. ನಾಳೆ ಮೀಯಿಸುವವಳು ನೋಡ್ತಾಳೆ. ನನ್ನ ಕಥೆ ಮುಗೀತು," ಎಂದೆ. ಇವರು ಚಾ ಕೂಡ ಕುಡಿಯದೆ ಸಂಪಾಜೆಗೆ ಹೊರಟು ಹೋದರು.

ಮಾರನೆಯ ದಿನ ಬೆಳಿಗ್ಗೆ ಹಂಡೆಯ ನೀರು ಕಾದಿತ್ತು. ಮೀಯಿಸುವವಳು ಸೀರೆ ಎತ್ತಿ ಕಟ್ಟಿ ತಯಾರಾಗಿದ್ದಳು. ನಾನು ಕೋಣೆಯಲ್ಲಿ ಬಾಗಿಲ ಹಿಂದೆ ನಿಂತು ದೇವರನ್ನೆಲ್ಲ ಕರೆಯುತ್ತಿದ್ದೆ. ಅಂಗಳದಲ್ಲಿ ಅತ್ತೆಯ ಸ್ವರ ಕೇಳಿತು. ಮೊದಲ ಬಸ್ಸಿಗೆ ಬಂದಿದ್ದರು. ಕೈಯಲ್ಲಿ ಒಂದು ಬಟ್ಟೆಚೀಲ.

"ಇವತ್ತಿಂದ ಸೊಸೆಯನ್ನು ನಾನು ಮೀಯಿಸ್ತೇನೆ," ಎಂದು ಅಮ್ಮನಿಗೆ ಹೇಳುತ್ತಿದ್ದರು.

ಅತ್ತೆ ಬಂದು ಸೊಸೆಯ ತವರಿನಲ್ಲಿ ಬಾಣಂತಿ ಸ್ನಾನ ಮಾಡಿಸುವುದು ನಮ್ಮಲ್ಲಿ ಯಾರೂ ಕಂಡು ಕೇಳಿದ್ದಲ್ಲ. ಅಮ್ಮ ತಬ್ಬಿಬ್ಬಾಗಿ, "ನೀವು ಯಾಕೆ ಅಕ್ಕ? ಮೀಯಿಸುವವಳು ಬಂದಿದ್ದಾಳಲ್ಲ," ಎಂದರು.

"ನಮ್ಮ ಮನೆಯ ಒಂದು ಕ್ರಮ ಉಂಟು," ಎಂದರು ಅತ್ತೆ. ಅಂಥ ಕ್ರಮ ಅವರ ಮನೆಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ.

ಬಚ್ಚಲಿಗೆ ಬಂದು ಬಾಗಿಲಿನ ಚಿಲಕ ಹಾಕಿದರು. ಬಟ್ಟೆಚೀಲದಿಂದ ಆ ರಬ್ಬರು ಚೀಲ ತೆಗೆದು ಗೂಟಕ್ಕೆ ತೂಗುಹಾಕಿದರು. ನಾನು ಸೀರೆ ಬಿಡದೆ ಹಿಡಿದುಕೊಂಡು ನಿಂತಿದ್ದೆ. ಅವರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನೋಡಬೇಕಾದ್ದನ್ನು ನೋಡಿದರು. ಮುಖ ಕಿವುಚಲಿಲ್ಲ.

"ತಂದವ ನನ್ನ ಮಗ," ಎಂದರು. "ನೀರು ಹೊಯ್ಯುವವಳು ನಾನೇ ಆಗ್ಬೇಕು. ಕೂತ್ಕೋ."

ಮಣೆಯ ಮೇಲೆ ಕೂತೆ. ಹಂಡೆಯಿಂದ ಬಕೆಟಿಗೆ ನೀರು ತೋಡಿ, ತಣ್ಣೀರು ಬೆರೆಸಿ, ಅತ್ತೆ ಬಗ್ಗಿ ಮೊಣಕೈ ಅದ್ದಿ ನೋಡಿದರು. ಮತ್ತೆ ಒಂದು ಚೆಂಬು ಮೆಲ್ಲಗೆ ಹೊಯ್ದು ನನ್ನ ಮುಖ ನೋಡಿದರು.

"ಬಿಸಿ ಸಾಕಾ?"

"ಇನ್ನೂ ಸ್ವಲ್ಪ ಬೇಕು ಅತ್ತೆ," ಎಂದೆ.